ಲೇಔಟ್ ನಕ್ಷೆ ಓದುವುದು ಹೇಗೆ? ಬೆಂಗಳೂರಿನಲ್ಲಿ ಸೈಟ್ ಕೊಳ್ಳುವವರಿಗೆ ಮಂಜೂರಾತಿಯ ಪೂರ್ತಿ ದಾರಿ

ಬೆಂಗಳೂರಿನ ಸುತ್ತಮುತ್ತ ಎಲ್ಲೇ ಸೈಟ್ ನೋಡಲು ಹೋದರೂ ಮೊದಲು ಕೈಗೆ ಬರುವುದು ಬಣ್ಣದ ಬ್ರೋಷರ್. ಕ್ಲಬ್ ಹೌಸ್, ಸಾಲುಮರ, ಏರ್‌ಪೋರ್ಟ್‌ಗೆ ಎಷ್ಟು ನಿಮಿಷ ಎಂಬ ಲೆಕ್ಕ ಎಲ್ಲ ಅದರಲ್ಲಿರುತ್ತದೆ. ನೀವು ಕೇಳಿ ಪಡೆಯಬೇಕಾದ ಹಾಳೆಯೇ ಬೇರೆ. ಅದು ಯೋಜನಾ ಪ್ರಾಧಿಕಾರದ ಸೀಲು, ಸಹಿ, ಆದೇಶ ಸಂಖ್ಯೆ, ದಿನಾಂಕ ಇರುವ ಮಂಜೂರಾದ ಬಡಾವಣೆ ನಕ್ಷೆ. ನಿಮ್ಮ ಸೈಟ್‌ಗೆ ನಂಬರು, ಅಳತೆ, ಎದುರಿನ ರಸ್ತೆ ಸಿಗುವುದು ಆ ಹಾಳೆಯಿಂದ. ಪಹಣಿ (ಜಮೀನಿನ ಹಕ್ಕು ದಾಖಲೆ), ಕನ್ವರ್ಷನ್ (ಭೂ ಪರಿವರ್ತನೆ) ಆದೇಶ, ಕ್ರಯಪತ್ರ, ಖಾತಾ ಎಲ್ಲವನ್ನೂ ಅದರ ಜೊತೆ ಒಂದೊಂದಾಗಿ ತಾಳೆ ಹಾಕಿ ನೋಡಬೇಕು. ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ನಿಂತು ಪ್ರಶ್ನೆ ಕೇಳಬೇಕು.

ಕನ್ವರ್ಷನ್ ಆಗಿದೆ, ಪಂಚಾಯಿತಿ ಖಾತಾ ಇದೆ, ಬ್ಯಾಂಕ್ ಲೋನ್ ಸಿಗುತ್ತದೆ ಎಂಬ ಮೂರು ಮಾತುಗಳನ್ನು ನಂಬಿ ಕೈ ಸುಟ್ಟುಕೊಂಡವರು ಬಹಳ ಜನ. ಈ ಮೂರರಲ್ಲಿ ಯಾವುದೂ ಲೇಔಟ್ ಮಂಜೂರಾತಿ ಅಲ್ಲ.

ಮೊದಲು ಜಮೀನು, ಆಮೇಲೆ ಸೈಟ್

ಲೇಔಟ್ ಆಗುವ ಮುಂಚೆ ಅದು ಯಾವುದೋ ಊರಿನ ಯಾವುದೋ ಸರ್ವೆ ನಂಬರಿನ ಹೊಲವಾಗಿತ್ತು. ಹಾಗಾಗಿ ಗ್ರಾಮ, ಹೋಬಳಿ, ತಾಲ್ಲೂಕು, ಸರ್ವೆ ನಂಬರ್, ಹಿಸ್ಸಾ ನಂಬರ್ ಈ ಐದನ್ನೂ ಬರೆದುಕೊಂಡು ಕೆಲಸ ಶುರು ಮಾಡಿ. ಭೂಮಿ ಜಾಲತಾಣದಲ್ಲಿ ಪಹಣಿ ಸಿಗುತ್ತದೆ. ಗ್ರಾಮ ನಕ್ಷೆಯನ್ನು ಕಂದಾಯ ಇಲಾಖೆಯ ಜಾಲತಾಣದಿಂದ ಇಳಿಸಿಕೊಳ್ಳಬಹುದು. ದಿಶಾಂಕ್ ಆ್ಯಪ್ ಹಾಕಿಕೊಂಡು ಜಾಗದಲ್ಲೇ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ಸುಮಾರಾಗಿ ತೋರಿಸುತ್ತದೆ. ಅದು ಕೆಲವು ಮೀಟರ್ ಆಚೀಚೆ ಆಗಬಹುದು, ಗಡಿ ತೀರ್ಮಾನಕ್ಕೆ ಅದನ್ನು ನೆಚ್ಚಬೇಡಿ. ಆದರೆ 42ನೇ ಸರ್ವೆ ನಂಬರಿನ ಕಾಗದ ಕೊಟ್ಟು 47ನೇ ಸರ್ವೆ ನಂಬರಿನ ಜಾಗ ತೋರಿಸುತ್ತಿದ್ದರೆ ಅಷ್ಟಂತೂ ಅಲ್ಲೇ ಗೊತ್ತಾಗುತ್ತದೆ.

ಪಹಣಿ ಓದುವಾಗ 3ನೇ ಕಾಲಂ ಮೇಲೆ ಗಮನ ಇರಲಿ. ಒಟ್ಟು ವಿಸ್ತೀರ್ಣ, ಅದರ ಕೆಳಗೆ ಎ ಖರಾಬು, ಬಿ ಖರಾಬು, ಉಳಿದದ್ದು ಎಂದು ಬಿಡಿಸಿ ಕೊಟ್ಟಿರುತ್ತದೆ. ಎ ಖರಾಬು ಎಂದರೆ ಸಾಗುವಳಿಗೆ ಬಾರದ ಜಾಗ. ಬಂಡೆ, ತಗ್ಗು ಇಂಥದ್ದು, ಜಮೀನಿನ ಜೊತೆಗೇ ಹೋಗುತ್ತದೆ. ಬಿ ಖರಾಬು ಹಾಗಲ್ಲ. ಬಂಡಿ ದಾರಿ, ಹಳ್ಳ, ಕಾಲುವೆ, ಕೆರೆ ಅಂಗಳ ಎಂದು ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಸರ್ಕಾರಿ ಜಾಗ ಅದು. ಅದನ್ನು ಯಾರೂ ಮಾರುವಂತಿಲ್ಲ. ಬಿ ಖರಾಬಿನ ಮೇಲೆ ಸೈಟ್ ಗೀಚಿ ಮಾರಿದ ಲೇಔಟ್‌ಗಳಲ್ಲಿ ವರ್ಷಗಳಾದ ಮೇಲೆ ತಹಶೀಲ್ದಾರರ ಕಚೇರಿಯಿಂದ ಒತ್ತುವರಿ ತೆರವಿನ ನೋಟಿಸ್ ಬರುತ್ತದೆ. ಹೊತ್ತುಕೊಳ್ಳುವವರು ಕೊನೆಗೆ ಸೈಟ್ ಕೊಂಡವರು.

ವಿಸ್ತೀರ್ಣದ ಅಂಕಿಯಲ್ಲಿ ಮೋಸಹೋಗುವುದು ಸುಲಭ. ಪಹಣಿಯಲ್ಲಿ 2.20 ಎಂದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರ ಅಡಿ. ಹಳೆಯ ಸರ್ವೆಯ 33 ಅಡಿಯ ಸರಪಳಿಯನ್ನು ಎರಡೂ ಕಡೆ ಹಿಡಿದರೆ ಬರುವ ಚೌಕವೇ ಈ ಒಂದು ಗುಂಟೆ. ಸರ್ವೆ ಇಲಾಖೆಯ ಟಿಪ್ಪಣಿ (ಮೂಲ ಅಳತೆಯ ದಾಖಲೆ) ತೆಗೆಸಿದರೆ ಅಳತೆಗಳು ಇಂದಿಗೂ ಸರಪಳಿ ಮತ್ತು ಆಣೆಯಲ್ಲೇ ಇರುತ್ತವೆ. ಒಂದು ಸರಪಳಿಗೆ 16 ಆಣೆ, ಒಂದು ಆಣೆಗೆ ಎರಡು ಅಡಿಗಿಂತ ಚೂರು ಹೆಚ್ಚು.

11ನೇ ಕಾಲಂನಲ್ಲಿ ಋಣ, ಕೋರ್ಟ್ ತಡೆ, ಭೂಸ್ವಾಧೀನದ ನಮೂದು ಇರುತ್ತದೆ. ಒಂದೇ ಪಹಣಿಯಲ್ಲಿ ಆರೇಳು ಹೆಸರಿದ್ದು ಪೋಡಿ (ಪ್ರತಿಯೊಬ್ಬರ ಭಾಗವನ್ನು ಅಳೆದು ಬೇರ್ಪಡಿಸುವುದು) ಆಗಿಲ್ಲದಿದ್ದರೆ ಯಾರ ಭಾಗ ಎಲ್ಲಿ ಬರುತ್ತದೆ ಎಂದು ಸರ್ವೆ ದಾಖಲೆಯಲ್ಲಿ ಎಲ್ಲೂ ಇರುವುದಿಲ್ಲ. ಅಂಥ ಜಮೀನಿನ ಒಂದು ಭಾಗದಲ್ಲಿ ಲೇಔಟ್ ಮಾಡಿದ್ದರೆ ಆ ಭಾಗಕ್ಕೆ ಸರ್ವೆ ಇಲಾಖೆಯ 11ಇ ನಕ್ಷೆ ಮತ್ತು ಪೋಡಿ ಆಗಿದೆಯೇ ಎಂದು ಕೇಳಿ.

ಜಮೀನಿನ ಮೂಲವನ್ನು ಬಿಡಬೇಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಅಂಥ ಜಮೀನಿನ ಮಾರಾಟಕ್ಕೆ ತಡೆ ಹಾಕುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಆದ ಮಾರಾಟ ಅಲ್ಲಿ ಊರ್ಜಿತವಲ್ಲ, ಜಮೀನು ಮೂಲ ಮಂಜೂರಾತಿದಾರರ ಕುಟುಂಬಕ್ಕೆ ವಾಪಸ್ ಹೋಗುತ್ತದೆ. ಇದಕ್ಕೆ ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳುತ್ತದೆ, ಹಾಗಾಗಿ ತುಂಬ ತಡವಾಯಿತು ಎಂಬ ವಾದವನ್ನೇ ನೆಚ್ಚಬೇಡಿ. ಇದರ ಜೊತೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕಾಯ್ದೆಯ 17 ಮತ್ತು 19ನೇ ಕಲಂ ಅಧಿಸೂಚನೆ, ಕೆಐಎಡಿಬಿಯ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) 28(1) ಮತ್ತು 28(4) ಭೂಸ್ವಾಧೀನ ಅಧಿಸೂಚನೆಗಳಲ್ಲಿ ಆ ಸರ್ವೆ ನಂಬರ್ ಇದೆಯೇ ನೋಡಿ. ವರ್ತುಲ ರಸ್ತೆಗೆಂದು ಗುರುತಾದ ಜಮೀನಿನಲ್ಲಿ ಸೈಟ್ ಕೊಂಡು ವರ್ಷಗಟ್ಟಲೆ ಅತಂತ್ರರಾಗಿ ಕೂತವರು ಈ ಊರಿನಲ್ಲಿ ಕಡಿಮೆ ಇಲ್ಲ.

ಮಂಜೂರು ಮಾಡುವವರು ಯಾರು?

ಜಮೀನನ್ನು ಸೈಟುಗಳಾಗಿ ವಿಂಗಡಿಸಬೇಕಾದರೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇಕೆಂದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಬಿಡಿಎ ವ್ಯಾಪ್ತಿಯಲ್ಲಿ ಇದರ ಜೊತೆಗೆ 1976ರ ಬಿಡಿಎ ಕಾಯ್ದೆಯ 32ನೇ ಕಲಂ ಇದೆ. ಖಾಸಗಿಯವರಾಗಲಿ, ಗೃಹ ನಿರ್ಮಾಣ ಸಹಕಾರ ಸಂಘದವರಾಗಲಿ, ಬಿಡಿಎ ಒಪ್ಪಿಗೆ ಇಲ್ಲದೆ ಹೊಸ ಬಡಾವಣೆ ಅಥವಾ ಹೊಸ ರಸ್ತೆ ಮಾಡುವಂತಿಲ್ಲ.

ನಗರದ ಹೊರಗೆ ಹೋದಂತೆ ಪ್ರಾಧಿಕಾರ ಬದಲಾಗುತ್ತದೆ. ದೇವನಹಳ್ಳಿ ಏರ್‌ಪೋರ್ಟ್ ಸುತ್ತ ಬಯಾಪಾ (ವಿಮಾನ ನಿಲ್ದಾಣ ಪ್ರದೇಶದ ಯೋಜನಾ ಪ್ರಾಧಿಕಾರ). ಆನೇಕಲ್, ಹೊಸಕೋಟೆ, ನೆಲಮಂಗಲ, ಮಾಗಡಿ, ಕನಕಪುರ ಕಡೆ ಆಯಾ ಊರಿನ ಯೋಜನಾ ಪ್ರಾಧಿಕಾರ, ಅವುಗಳ ಮೇಲೆ ಬೆಂಗಳೂರು ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಎಂಆರ್‌ಡಿಎ. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು, ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳಾಗಿವೆ. ಆದ್ದರಿಂದ ಹಳೆಯ ಮಂಜೂರಾತಿ ನೋಡುವಾಗ ಇವತ್ತು ಯಾರಿಗೆ ಅಧಿಕಾರ ಇದೆ ಎನ್ನುವುದಕ್ಕಿಂತ ಆದೇಶದ ದಿನ ಆ ಸರ್ವೆ ನಂಬರ್ ಯಾರ ವ್ಯಾಪ್ತಿಯಲ್ಲಿತ್ತು ಎನ್ನುವುದನ್ನು ನೋಡಬೇಕು. ಅಂದು ಅಧಿಕಾರವಿದ್ದವರು ಕೊಟ್ಟ ಮಂಜೂರಾತಿ ಇಂದೂ ನಿಲ್ಲುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ಈ ಪ್ರಾಧಿಕಾರಗಳ ವ್ಯಾಪ್ತಿಯಲ್ಲಿ ಲೇಔಟ್ ನಕ್ಷೆ ಮಂಜೂರು ಮಾಡುವ ಅಧಿಕಾರ ಗ್ರಾಮ ಪಂಚಾಯಿತಿಗೆ ಇಲ್ಲ. ಪಿಡಿಒ ಸಹಿ, ಪಂಚಾಯಿತಿಯ ದುಂಡು ಸೀಲು ಇರುವ ನಕ್ಷೆಯನ್ನು ಪಂಚಾಯಿತಿ ಅಪ್ರೂವ್ಡ್ ಎಂದು ತೋರಿಸಿದರೆ ಅದು ರೆವಿನ್ಯೂ ಸೈಟ್ (ಲೇಔಟ್ ಮಂಜೂರಾತಿ ಇಲ್ಲದ ಸೈಟ್) ಎಂದೇ ತಿಳಿಯಿರಿ. ಮುಂದೆ ಅಕ್ರಮ ಸಕ್ರಮ ಬರುತ್ತದೆ, ಎಲ್ಲ ಸರಿಯಾಗುತ್ತದೆ ಎಂಬ ಭರವಸೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಆ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದನ್ನೇ ನೆಚ್ಚಿ ಸೈಟ್ ಕೊಂಡವರು ಕಾಯುತ್ತಲೇ ಉಳಿದರು.

ಹಂತ ಹಂತವಾಗಿ ಏನೇನು ಆಗುತ್ತದೆ

ಮೊದಲನೆಯದು ಭೂ ಉಪಯೋಗ. ಬೆಂಗಳೂರಿಗೆ 2007ರಲ್ಲಿ ಅನುಮೋದನೆಯಾದ ಆರ್‌ಎಂಪಿ 2015 ಮಹಾಯೋಜನೆಯಲ್ಲಿ ಪ್ರತಿ ಸರ್ವೆ ನಂಬರಿಗೂ ಒಂದು ವಲಯ ಇದೆ. ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಉದ್ಯಾನಕ್ಕೆ ಹಸಿರು, ಹೀಗೆ ಬಣ್ಣ. ಕೃಷಿ ವಲಯದಲ್ಲಿ, ಜನ ಗ್ರೀನ್ ಬೆಲ್ಟ್ ಎನ್ನುವ ಜಾಗದಲ್ಲಿ, ವಸತಿ ಲೇಔಟ್ ಆಗುವುದಿಲ್ಲ. ವಲಯ ಬದಲಿಸಲು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಅಡಿ ಬೇರೆಯದೇ ಅರ್ಜಿ, ಬೇರೆಯದೇ ಪ್ರಕಟಣೆ, ಬೇರೆಯದೇ ಆದೇಶ ಬೇಕು.

ಎರಡನೆಯದು ಭೂ ಪರಿವರ್ತನೆ, ಜನರ ಬಾಯಲ್ಲಿ ಡಿಸಿ ಕನ್ವರ್ಷನ್. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಅಡಿ ಜಿಲ್ಲಾಧಿಕಾರಿ ಕೊಡುವ ಆದೇಶ. ಕೃಷಿ ಜಮೀನನ್ನು ಕೃಷಿಯೇತರ ಕೆಲಸಕ್ಕೆ ಬಳಸಲು ಇದು ಅನುಮತಿ ಅಷ್ಟೆ. ಆದೇಶವನ್ನು ಕೊನೆಯ ಪುಟದವರೆಗೂ ಓದಿದರೆ, ಯೋಜನಾ ಪ್ರಾಧಿಕಾರದಿಂದ ಬಡಾವಣೆ ನಕ್ಷೆ ಮಂಜೂರು ಮಾಡಿಸಿಕೊಳ್ಳಬೇಕು ಎಂಬ ಷರತ್ತು ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ. ಸರ್ವೆ ನಂಬರ್, ವಿಸ್ತೀರ್ಣ, ಉದ್ದೇಶ ಮೂರನ್ನೂ ನೋಡಿ. ಕೈಗಾರಿಕೆಗೆ ಪರಿವರ್ತನೆಯಾದ ಜಮೀನಿನಲ್ಲಿ ವಸತಿ ಸೈಟ್ ಮಾಡುವಂತಿಲ್ಲ. ಮೂರು ಎಕರೆಗೆ ಆದೇಶ ಪಡೆದು ಐದು ಎಕರೆಯಲ್ಲಿ ಕಲ್ಲು ನೆಟ್ಟಿದ್ದರೆ ಆ ಹೆಚ್ಚುವರಿ ಎರಡು ಎಕರೆ ಇಂದಿಗೂ ಹೊಲವೇ. ಫಾರ್ಮ್ ಪ್ಲಾಟ್ ಎಂದು ಮಾರುವ ಜಾಗಗಳಿಗೆ ಈ ಹಂತವೇ ಆಗಿರುವುದಿಲ್ಲ, ಅಲ್ಲಿ ಮನೆ ಕಟ್ಟಲು ನಕ್ಷೆ ಮಂಜೂರಾಗುವುದಿಲ್ಲ.

ಮೂರನೆಯದು ಪ್ರಾಧಿಕಾರಕ್ಕೆ ಅರ್ಜಿ. ಮಾಲೀಕತ್ವದ ದಾಖಲೆ, ಸರ್ವೆ ನಕ್ಷೆ, ಗ್ರಾಮ ನಕ್ಷೆ, ಕರಡು ಬಡಾವಣೆ ನಕ್ಷೆ, ಬೆಸ್ಕಾಂ ಮತ್ತು ಜಲಮಂಡಳಿಯಂಥ ಸಂಸ್ಥೆಗಳ ನಿರಾಕ್ಷೇಪಣಾ ಪತ್ರ ಎಲ್ಲ ಹೋಗುತ್ತವೆ. ಸ್ಥಳ ತನಿಖೆ ನಡೆದು ಶುಲ್ಕ ಕಟ್ಟಿದ ಮೇಲೆ, ಈ ನಕ್ಷೆಯ ಪ್ರಕಾರ ರಸ್ತೆ, ಚರಂಡಿ ಮಾಡಿಕೊಳ್ಳಿ ಎಂದು ಕಾಮಗಾರಿ ಆದೇಶ ಬರುತ್ತದೆ. ಎಷ್ಟೋ ಮಾರಾಟಗಾರರು ಪೂರ್ತಿ ಮಂಜೂರಾತಿ ಎಂದು ತೋರಿಸುವುದು ಇದನ್ನೇ. ಇದು ತಾತ್ಕಾಲಿಕ ಒಪ್ಪಿಗೆ, ಕೆಲಸ ಶುರು ಮಾಡಲು ಕೊಟ್ಟ ಪತ್ರ. ಎಲ್ಲ ಸೈಟ್ ಮಾರಬಹುದು ಎಂದು ಇದರ ಅರ್ಥವಲ್ಲ.

ನಾಲ್ಕನೆಯದು ಕಾಮಗಾರಿ. ರಸ್ತೆ, ಮಳೆನೀರು ಚರಂಡಿ, ಒಳಚರಂಡಿ, ನೀರಿನ ಕೊಳವೆ, ಟ್ರಾನ್ಸ್‌ಫಾರ್ಮರ್, ಬೀದಿ ದೀಪ. ಇಲ್ಲಿ ಸೋಗು ಹಾಕುವುದು ಸುಲಭ, ಹಾಗಾಗಿ ಮ್ಯಾನ್‌ಹೋಲ್ ಮುಚ್ಚಳ ತೆಗೆಸಿ ನೋಡಿ. ಕೊಳವೆ ಮುಂದಿನ ಮ್ಯಾನ್‌ಹೋಲ್‌ಗೆ ಸೇರಿದೆಯೇ? ಲೇಔಟ್‌ನ ಕೊಳಚೆ ಕೊನೆಗೆ ಎಲ್ಲಿಗೆ ಹೋಗುತ್ತದೆ? ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಇದ್ದರೆ ಅದಕ್ಕೆ ಕರೆಂಟ್ ಬಂದಿದೆಯೇ? ಕೊಳವೆಯನ್ನು ಯಾವುದಕ್ಕೂ ಸೇರಿಸದೆ ಮಣ್ಣಲ್ಲಿ ಕೊನೆ ಮಾಡಿರುವ ಲೇಔಟ್‌ಗಳಲ್ಲಿ ನಾಲ್ಕು ಮನೆ ಎದ್ದ ಕೂಡಲೇ ಕೊಳಚೆ ತಗ್ಗಿನ ಸೈಟ್‌ಗಳಲ್ಲಿ ಉಕ್ಕುತ್ತದೆ.

ಐದನೆಯದು ಹಸ್ತಾಂತರ. ರಸ್ತೆ, ಪಾರ್ಕ್, ಸಿಎ (ನಾಗರಿಕ ಸೌಲಭ್ಯ) ಜಾಗಗಳನ್ನು ಪ್ರಾಧಿಕಾರಕ್ಕೆ ನೋಂದಾಯಿತ ರಿಲಿಂಕ್ವಿಶ್‌ಮೆಂಟ್ ಡೀಡ್ ಮೂಲಕ ಬಿಟ್ಟುಕೊಡಬೇಕು. ಅದರ ನಕಲು ಕೇಳಿ, ನೋಂದಣಿ ಸಂಖ್ಯೆ ಬರೆದುಕೊಳ್ಳಿ. ಡೀಡ್ ಆಗಿಲ್ಲ ಎಂದರೆ ನಿಮ್ಮ ಮನೆ ಮುಂದಿನ ರಸ್ತೆ ದಾಖಲೆಯಲ್ಲಿ ಇನ್ನೂ ಹಳೆಯ ಮಾಲೀಕರ ಹೆಸರಿನಲ್ಲಿದೆ ಎಂದರ್ಥ. ಅವರ ವಾರಸುದಾರರು ಮುಂದೆ ಅದೇ ಜಾಗವನ್ನು ಇನ್ನೊಬ್ಬರಿಗೆ ಕ್ರಯ ಮಾಡಿಕೊಟ್ಟ ಪ್ರಕರಣಗಳಿವೆ. ಡೀಡ್ ಆದ ಮೇಲೆ ಆ ರಸ್ತೆಗಳು ಸಾರ್ವಜನಿಕ. ಗೇಟು ಹಾಕಿ ಹೊರಗಿನವರನ್ನು ತಡೆಯುವ ಹಕ್ಕು ನಿವಾಸಿಗಳ ಸಂಘಕ್ಕಿಲ್ಲ. ಗೇಟೆಡ್ ಕಮ್ಯುನಿಟಿ ಎಂದು ಹೆಚ್ಚಿನ ದರ ಕೇಳುತ್ತಿದ್ದರೆ ಇದನ್ನು ನೆನಪಿಡಿ.

ಆರನೆಯದು ಸೈಟ್ ಬಿಡುಗಡೆ. ಡೆವಲಪರ್ ಅರ್ಧಕ್ಕೆ ಕೈಬಿಟ್ಟು ಹೋಗದಂತೆ ಪ್ರಾಧಿಕಾರ ಸೈಟುಗಳನ್ನು ಹಿಡಿದಿಟ್ಟುಕೊಂಡು, ಕಾಮಗಾರಿ ನೋಡಿ ಬಿಡುಗಡೆ ಮಾಡುತ್ತದೆ. ಬಿಡುಗಡೆ ಆದೇಶದಲ್ಲಿ ಸೈಟ್ ನಂಬರುಗಳು ಒಂದೊಂದಾಗಿ ಇರುತ್ತವೆ. ನಿಮ್ಮ ನಂಬರು ಆ ಪಟ್ಟಿಯಲ್ಲಿ ಇಲ್ಲದಿದ್ದರೆ, ಅಕ್ಕಪಕ್ಕದ ಎಲ್ಲ ಸೈಟ್ ಮಾರಾಟವಾಗಿದ್ದರೂ, ಆ ಸೈಟ್ ಇನ್ನೂ ಮಾರುವ ಸ್ಥಿತಿಯಲ್ಲಿ ಇಲ್ಲ. ಅಡ್ವಾನ್ಸ್ ಕೊಡುವ ಮುಂಚೆ ಒಂದೇ ಒಂದು ಕಾಗದ ನೋಡಲು ಪುರುಸೊತ್ತು ಇದ್ದರೆ ಈ ಬಿಡುಗಡೆ ಆದೇಶ ನೋಡಿ.

ನಕ್ಷೆ ಹಾಸಿಕೊಂಡು ಕೂತಾಗ

ನಕ್ಷೆಯನ್ನು ಮೊಬೈಲ್‌ನಲ್ಲಿ ಬಂದ ಫೋಟೋದಲ್ಲಿ ನೋಡಬೇಡಿ, ಪೂರ್ತಿ ಅಳತೆಗೆ ಮುದ್ರಿಸಿಕೊಳ್ಳಿ. ಮೊದಲು ಶೀರ್ಷಿಕೆ ಭಾಗ: ಗ್ರಾಮ, ಸರ್ವೆ ನಂಬರುಗಳು, ಒಟ್ಟು ವಿಸ್ತೀರ್ಣ, ಮಂಜೂರಾತಿ ಸಂಖ್ಯೆ, ದಿನಾಂಕ, ಸಹಿಗಳು, ಮಾಪಕ, ಉತ್ತರ ದಿಕ್ಕಿನ ಬಾಣ. ಉತ್ತರ ಯಾವಾಗಲೂ ಹಾಳೆಯ ಮೇಲ್ಭಾಗಕ್ಕೇ ಇರಬೇಕೆಂದಿಲ್ಲ. ಬಾಣ ನೋಡದೆ ಪೂರ್ವ ದಿಕ್ಕಿನ ಸೈಟ್ ಎಂದುಕೊಂಡವರಿಗೆ ನೋಂದಣಿಯ ದಿನ ಅದು ದಕ್ಷಿಣಕ್ಕೆ ಮುಖ ಮಾಡಿದೆ ಎಂದು ಗೊತ್ತಾಗುತ್ತದೆ.

ಆಮೇಲೆ ವಿಸ್ತೀರ್ಣದ ಕೋಷ್ಟಕ. ನಕ್ಷೆಯ ಒಂದು ಮೂಲೆಯಲ್ಲಿ ಸೈಟ್‌ಗಳಿಗೆ ಎಷ್ಟು, ರಸ್ತೆಗೆ ಎಷ್ಟು, ಪಾರ್ಕ್‌ಗೆ ಎಷ್ಟು, ಸಿಎಗೆ ಎಷ್ಟು ಎಂದು ಚದರ ಮೀಟರ್ ಮತ್ತು ಶೇಕಡಾ ಲೆಕ್ಕದಲ್ಲಿ ಇರುತ್ತದೆ. ಖಾಸಗಿ ವಸತಿ ಲೇಔಟ್‌ಗಳಲ್ಲಿ ಸಾಮಾನ್ಯವಾಗಿ ಸೈಟ್‌ಗಳ ಪಾಲು ಶೇ 55ರ ಒಳಗೆ, ಉಳಿದ ಶೇ 45 ರಸ್ತೆ, ಪಾರ್ಕ್, ಸಿಎಗೆ. ಬಿಡಿಎ ತಾನೇ ಮಾಡುವ ಬಡಾವಣೆಗಳಲ್ಲಿ ಪಾರ್ಕ್ ಮತ್ತು ಆಟದ ಮೈದಾನಕ್ಕೆ ಕನಿಷ್ಠ ಶೇ 15, ನಾಗರಿಕ ಸೌಲಭ್ಯಕ್ಕೆ ಇನ್ನೂ ಶೇ 10 ಬಿಡಬೇಕೆಂದು ಬಿಡಿಎ ಕಾಯ್ದೆಯ 16ನೇ ಕಲಂ ಹೇಳುತ್ತದೆ.

ಈ ಶೇಕಡಾ ಲೆಕ್ಕ ನಿಮ್ಮ ಕೈಯಲ್ಲಿದ್ದರೆ ಬ್ರೋಷರ್‌ನ ಸುಳ್ಳನ್ನು ಹತ್ತು ನಿಮಿಷದಲ್ಲಿ ಹಿಡಿಯಬಹುದು. 4 ಎಕರೆ ಜಮೀನು, ಅದರಲ್ಲಿ 8 ಗುಂಟೆ ಬಿ ಖರಾಬು ಎಂದಿಟ್ಟುಕೊಳ್ಳಿ. 160 ಗುಂಟೆಯಲ್ಲಿ 8 ಕಳೆದರೆ 152. ಅದನ್ನು 1,089ರಿಂದ ಗುಣಿಸಿದರೆ 1,65,528 ಚದರ ಅಡಿ. ಅದರ ಶೇ 55 ಎಂದರೆ ಸುಮಾರು 91,040 ಚದರ ಅಡಿ. 1,200 ಚದರ ಅಡಿಯ 30×40 ಸೈಟ್‌ಗಳು ಅದರಲ್ಲಿ 75 ಹಿಡಿಯುತ್ತವೆ. ಬ್ರೋಷರ್‌ನಲ್ಲಿ 100 ಸೈಟ್ ಇದ್ದರೆ 1,20,000 ಚದರ ಅಡಿ ಮಾರುತ್ತಿದ್ದಾರೆ ಎಂದಾಯಿತು, ಅಂದರೆ ಜಮೀನಿನ ಶೇ 72ಕ್ಕೂ ಹೆಚ್ಚು. ಆ 25 ಸೈಟ್‌ಗಳು ಎಲ್ಲಿಂದ ಬಂದವು? ಪಾರ್ಕ್‌ನಿಂದ, ಸಿಎಯಿಂದ, ರಸ್ತೆಯ ಅಗಲದಿಂದ, ಇಲ್ಲವೇ ಬಿ ಖರಾಬಿನಿಂದ. ಬೇರೆ ಎಲ್ಲಿಂದಲೂ ಬರಲು ಸಾಧ್ಯವಿಲ್ಲ.

ಪಾರ್ಕ್ ಜಾಗವನ್ನು ಮುಂದೆ ಸೈಟ್ ಮಾಡಿ ಸಕ್ರಮ ಮಾಡಿಸಿಕೊಳ್ಳಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸದಾಶಿವನಗರದಲ್ಲಿ ಪಾರ್ಕ್‌ಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟದ್ದನ್ನು ನಿವಾಸಿಗಳು ಪ್ರಶ್ನಿಸಿ ಕೋರ್ಟಿಗೆ ಹೋದರು. ಆ ಹಂಚಿಕೆ ನಿಲ್ಲುವುದಿಲ್ಲವೆಂದು ಸುಪ್ರೀಂ ಕೋರ್ಟ್ 1991ರಲ್ಲಿ ತೀರ್ಪು ಕೊಟ್ಟಿತು. ನಕ್ಷೆಯಲ್ಲಿ ಹಸಿರು ಬಳಿದ ಜಾಗ ಅಲ್ಲಿ ವಾಸಿಸುವ ಎಲ್ಲರ ಸ್ವತ್ತು. ಅದಕ್ಕಾಗಿ ದನಿ ಎತ್ತುವ ಹಕ್ಕು ಪ್ರತಿ ಸೈಟ್ ಮಾಲೀಕನಿಗೂ ಇದೆ.

ಮುಂದೆ ನೀರಿನ ಗೆರೆಗಳು. ಗ್ರಾಮ ನಕ್ಷೆಯನ್ನೂ ಲೇಔಟ್ ನಕ್ಷೆಯನ್ನೂ ಅಕ್ಕಪಕ್ಕ ಇಟ್ಟು, ಗ್ರಾಮ ನಕ್ಷೆಯಲ್ಲಿರುವ ಹಳ್ಳ, ಕಾಲುವೆ, ಕೆರೆ, ಬಂಡಿ ದಾರಿ ಎಲ್ಲವೂ ಲೇಔಟ್ ನಕ್ಷೆಯಲ್ಲಿ ಇವೆಯೇ ನೋಡಿ. ಆರ್‌ಎಂಪಿ 2015ರ ಪ್ರಕಾರ ರಾಜಕಾಲುವೆಯ ಮಧ್ಯದಿಂದ ಎರಡೂ ಕಡೆ ಬಿಡಬೇಕಾದ ಜಾಗ ಪ್ರಾಥಮಿಕ ಕಾಲುವೆಗೆ 50 ಮೀಟರ್, ದ್ವಿತೀಯ ಹಂತದ್ದಕ್ಕೆ 25, ತೃತೀಯ ಹಂತದ್ದಕ್ಕೆ 15. ಇದನ್ನು ಹೆಚ್ಚಿಸಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೊಟ್ಟಿದ್ದ ಆದೇಶವನ್ನು 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಹೆಚ್ಚು ತಪ್ಪಾಗುವುದು ತೃತೀಯ ಹಂತದ ಕಾಲುವೆಗಳಲ್ಲಿ. ಬೇಸಿಗೆಯಲ್ಲಿ ನೋಡಿದರೆ ಅದು ಹೊಲದ ಬದುವಿನ ಪಕ್ಕದ ಒಣ ತಗ್ಗು, ಎರಡು ಲೋಡ್ ಮಣ್ಣು ಹಾಕಿದರೆ ಮುಚ್ಚಿಹೋಗುತ್ತದೆ. ನೀರು ಮಾತ್ರ ತನ್ನ ದಾರಿ ಮರೆಯುವುದಿಲ್ಲ. ದೊಡ್ಡ ಮಳೆ ಬಂದ ಮರುದಿನ ಒಮ್ಮೆ ಹೋಗಿ ಜಾಗ ನೋಡಿ, ಸರ್ವೆಯಲ್ಲಿ ಬಿಟ್ಟುಹೋದ ಕಾಲುವೆ ಅಂದು ಕಣ್ಣಿಗೇ ಕಾಣುತ್ತದೆ.

ಹೈಟೆನ್ಷನ್ ತಂತಿ ಜಾಗದ ಮೇಲೆ ಹೋಗಿದ್ದರೆ ನಕ್ಷೆಯಲ್ಲಿ ಅದರ ಕೆಳಗಿನ ಪಟ್ಟಿ ಖಾಲಿ ಬಿಟ್ಟಿರಬೇಕು. ಲೇಔಟ್‌ಗೆ ಬರುವ ದಾರಿ ಮುಖ್ಯ ರಸ್ತೆಯಿಂದ ಯಾವ ಸರ್ವೆ ನಂಬರಿನ ಮೂಲಕ ಬರುತ್ತದೆ ಎಂಬುದನ್ನೂ ನೋಡಿ. ಒಳಗಿನ ರಸ್ತೆ 12 ಮೀಟರ್ ಇದ್ದು, ಹೊರಗಿನ ದಾರಿ ಪಕ್ಕದ ಹೊಲದವರ ಮೌಖಿಕ ಒಪ್ಪಿಗೆಯ ಮೇಲೆ ನಿಂತಿದ್ದರೆ ಅವರು ಬೇಲಿ ಹಾಕಿದ ದಿನ ಇಡೀ ಲೇಔಟ್‌ಗೆ ದಾರಿ ಇಲ್ಲ.

ಅಳತೆ: ಅಡಿಯಲ್ಲಿ ಮಾತು, ಮೀಟರ್‌ನಲ್ಲಿ ನಕ್ಷೆ

ನಾವೆಲ್ಲ ಮಾತಾಡುವುದು 30×40, 40×60 ಎಂದು. ಮಂಜೂರಾದ ನಕ್ಷೆ ಇರುವುದು ಮೀಟರ್‌ನಲ್ಲಿ. 9×12 ಮೀಟರ್ ಸೈಟನ್ನು 30×40 ಎಂದು ಕರೆಯುವುದು ರೂಢಿ. ಲೆಕ್ಕ ಹಾಕಿ: 108 ಚದರ ಮೀಟರ್, ಅಂದರೆ ಸುಮಾರು 1,162 ಚದರ ಅಡಿ. 1,200 ಅಲ್ಲ. ಚದರ ಅಡಿಗೆ 6,000 ರೂಪಾಯಿ ದರವಿದ್ದರೆ ಈ 38 ಚದರ ಅಡಿಗೆ ನೀವು ಸುಮಾರು 2.28 ಲಕ್ಷ ಹೆಚ್ಚಿಗೆ ಕೊಟ್ಟಂತೆ. 12×18 ಮೀಟರ್‌ನದು 2,325 ಚದರ ಅಡಿ, 2,400 ಅಲ್ಲ. ದರ ಮಾತಾಡುವಾಗಲೇ ನಕ್ಷೆಯ ಚದರ ಮೀಟರ್ ಇಟ್ಟುಕೊಂಡು 10.764ರಿಂದ ಗುಣಿಸಿ, ಅದರ ಮೇಲೆ ಬೆಲೆ ನಿಲ್ಲಿಸಿ.

ಮೂಲೆ ಸೈಟ್‌ಗಳಲ್ಲಿ ವಾಹನ ತಿರುಗಲು ಒಂದು ಮೂಲೆ ಓರೆಯಾಗಿ ಕತ್ತರಿಸಿರುತ್ತದೆ. ಆ ತ್ರಿಕೋನ ನಿಮ್ಮ ಸೈಟ್‌ಗೆ ಸೇರಿಲ್ಲ. ಲೇಔಟ್‌ನ ಅಂಚಿನಲ್ಲಿರುವ ಬೆಸ ಅಳತೆಯ ಸೈಟ್‌ಗಳಿಗೆ ನಾಲ್ಕೂ ಬದಿ ಬೇರೆ ಬೇರೆ. ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸುವುದು ಬಳಕೆಯಲ್ಲಿರುವ ಲೆಕ್ಕ. ಆದರೆ ಮೂಲೆಗಳು ಲಂಬಕೋನದಿಂದ ದೂರವಾದಷ್ಟೂ ಆ ಲೆಕ್ಕ ವಿಸ್ತೀರ್ಣವನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅಂಥ ಸೈಟ್‌ಗೆ ಒಂದು ಕರ್ಣವನ್ನೂ ಅಳೆಸಿ, ಎರಡು ತ್ರಿಕೋನ ಮಾಡಿ ಲೆಕ್ಕ ಹಾಕಿಸಿ.

ನಂತರ ಟೇಪು ಹಿಡಿದು ಜಾಗಕ್ಕೆ ಹೋಗಿ. ನಿಮ್ಮ ಸೈಟ್ ಒಂದನ್ನೇ ಅಳೆದರೆ ಸಾಲದು. ಆ ಸಾಲಿನ ಪೂರ್ತಿ ಉದ್ದ, ಎದುರಿನ ರಸ್ತೆಯ ಅಗಲ ಎರಡನ್ನೂ ಅಳೆಯಬೇಕು. ಹತ್ತು ಸೈಟ್‌ನ ಸಾಲಿಗೆ ನಕ್ಷೆಯಲ್ಲಿ 90 ಮೀಟರ್ ಇದ್ದು ಜಾಗದಲ್ಲಿ 88.5 ಸಿಕ್ಕರೆ, ಕೊನೆಗೆ ಮನೆ ಕಟ್ಟುವವರಿಗೆ ಒಂದೂವರೆ ಮೀಟರ್ ಖೋತಾ. 9 ಮೀಟರ್ ರಸ್ತೆ ಜಾಗದಲ್ಲಿ 7.5 ಇದ್ದರೆ ಎರಡೂ ಬದಿಯ ಸೈಟ್‌ಗಳು ರಸ್ತೆಯೊಳಕ್ಕೆ ಬಂದಿವೆ. ನಕ್ಷೆಯ ಪ್ರಕಾರ ಗುರುತು ಹಾಕಿಸಿದ ದಿನ ಕಾಂಪೌಂಡ್ ಒಡೆಯಬೇಕಾಗುತ್ತದೆ. ಕಟ್ಟಡದ ಎತ್ತರ, ಎಫ್‌ಎಆರ್ (ಸೈಟ್‌ನ ವಿಸ್ತೀರ್ಣಕ್ಕೆ ಎಷ್ಟು ಕಟ್ಟಬಹುದು ಎಂಬ ಅನುಪಾತ) ನಿಲ್ಲುವುದೂ ರಸ್ತೆಯ ಅಗಲದ ಮೇಲೆ.

ಸೈಟ್ ನಂಬರಿನಲ್ಲೂ ಎಡವಟ್ಟು ನಡೆಯುತ್ತದೆ. ಮಂಜೂರಾದ ನಕ್ಷೆಯಲ್ಲಿ 64, ಮಾರಾಟದ ನಕ್ಷೆಯಲ್ಲಿ ಎರಡನೇ ಹಂತ 14 ಎಂದಿರಬಹುದು. ಕ್ರಯಪತ್ರಕ್ಕೆ ಬೀಳಬೇಕಾದ್ದು ಮಂಜೂರಾದ ನಕ್ಷೆಯ ನಂಬರು, ಆದೇಶ ಸಂಖ್ಯೆ ಮತ್ತು ದಿನಾಂಕದ ಸಮೇತ. ಚಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿ ವಿವರ) ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಸೈಟ್ ನಂಬರ್ 71 ಎಂದಿರುವುದು ನಕ್ಷೆಯಲ್ಲೂ ಹಾಗೆಯೇ ಇರಬೇಕು.

ಖಾತಾ ಎಲ್ಲಿ ನಿಲ್ಲುತ್ತದೆ

ಖಾತಾ ತೆರಿಗೆಯ ದಾಖಲೆ. ಅದು ಮಾಲೀಕತ್ವವನ್ನು ಹುಟ್ಟಿಸುವುದಿಲ್ಲ. ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ಮೂಲಕ ನಮೂನೆ 9 ಮತ್ತು 11ಎ ಬಂದಿದ್ದರೆ ಅದು ಗ್ರಾಮಠಾಣೆಯೊಳಗಿನ (ಊರಿನ ಹಳೆಯ ವಸತಿ ಜಾಗ) ಅಥವಾ ಕ್ರಮಬದ್ಧವಾಗಿ ಮಂಜೂರಾದ ಸ್ವತ್ತು. 11ಬಿ ಬಂದಿದ್ದರೆ ಆ ಕ್ರಮ ಆಗಿಲ್ಲ ಎಂದೇ. ಪಾಲಿಕೆ ವ್ಯಾಪ್ತಿಯ ಎ ಖಾತಾ, ಬಿ ಖಾತಾಗಳ ನಡುವೆಯೂ ಇದೇ ವ್ಯತ್ಯಾಸ. 2024ರಿಂದ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿರುವುದರಿಂದ ಇದನ್ನು ಕೊನೆಯ ವಾರಕ್ಕೆ ಬಿಡಬೇಡಿ. ಇ-ಖಾತಾದಲ್ಲಿರುವ ಅಳತೆ ಮತ್ತು ಹೆಸರಿನ ಅಕ್ಷರ ಕ್ರಯಪತ್ರಕ್ಕೆ ಹೊಂದದೆ ಹೋದರೆ ನೋಂದಣಿ ಇಲಾಖೆಯ ಜಾಲತಾಣವಾದ ಕಾವೇರಿ 2.0ದಲ್ಲಿ ಅರ್ಜಿ ಅಲ್ಲೇ ನಿಲ್ಲುತ್ತದೆ.

ರೇರಾ

ಜಮೀನು 500 ಚದರ ಮೀಟರ್ ಮೀರಿದ ಲೇಔಟ್‌ಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗದೆ ಜಾಹೀರಾತು ಕೊಡುವಂತೆಯೂ ಇಲ್ಲ, ಬುಕಿಂಗ್ ಹಣ ಪಡೆಯುವಂತೆಯೂ ಇಲ್ಲ. ಬ್ರೋಷರ್‌ನ ನೋಂದಣಿ ಸಂಖ್ಯೆಯನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಹಾಕಿ, ಅಲ್ಲಿ ಡೆವಲಪರ್ ಏರಿಸಿರುವ ನಕ್ಷೆಯನ್ನು ಇಳಿಸಿಕೊಂಡು ನಿಮ್ಮ ಕೈಯಲ್ಲಿರುವುದರ ಜೊತೆ ಹೋಲಿಸಿ. ಪಾರ್ಕ್ ಇದ್ದ ಕಡೆ ಸೈಟ್ ಬಂದಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ನೋಂದಾಯಿತ ಕರಾರು ಆಗದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ ಎಂದು ರೇರಾ ಕಾಯ್ದೆಯ 13ನೇ ಕಲಂ ಹೇಳುತ್ತದೆ. ಮಂಜೂರಾದ ನಕ್ಷೆ ಬದಲಿಸಬೇಕಾದರೆ ಮೂರನೇ ಎರಡರಷ್ಟು ಕೊಳ್ಳುವವರ ಲಿಖಿತ ಒಪ್ಪಿಗೆ ಬೇಕು. ರೇರಾ ನಂಬರ್ ಇದ್ದ ಮಾತ್ರಕ್ಕೆ ಜಮೀನಿನ ಹಕ್ಕು ಶುದ್ಧ ಎಂದಲ್ಲ, ಆ ಪರಿಶೀಲನೆ ನಿಮ್ಮದೇ.

ಇರುವ ಸೈಟನ್ನೇ ಎರಡು ಮಾಡುವುದಾದರೆ

ಅಣ್ಣತಮ್ಮಂದಿರು 40×60 ಸೈಟನ್ನು ಭಾಗ ಮಾಡಿಕೊಳ್ಳುವಾಗ ವಿಭಾಗ ಪತ್ರ ನೋಂದಾಯಿಸಿ ಸುಮ್ಮನಾಗುತ್ತಾರೆ. ಹಕ್ಕು ಭಾಗವಾಗುತ್ತದೆ, ಸೈಟ್ ಮಾತ್ರ ಪ್ರಾಧಿಕಾರದ ದಾಖಲೆಯಲ್ಲಿ ಒಂದೇ ಆಗಿ ಉಳಿಯುತ್ತದೆ. ಆಮೇಲೆ ಪ್ರತ್ಯೇಕ ಖಾತಾ, ಪ್ರತ್ಯೇಕ ಕಟ್ಟಡ ನಕ್ಷೆ ಕೇಳಿದಾಗ ತಕರಾರು ಬರುತ್ತದೆ. ಮೊದಲು ಸೈಟ್ ವಿಭಜನೆಗೆ ಅನುಮೋದನೆ ಪಡೆಯಿರಿ. ಭಾಗ ಮಾಡುವಾಗ 20×60 ಮಾಡಿದರೆ ಇಬ್ಬರಿಗೂ ರಸ್ತೆ ಸಿಗುತ್ತದೆ, ಆದರೆ ಅಗಲ ಕಿರಿದು. 40×30 ಮಾಡಿದರೆ ಹಿಂದಿನವರಿಗೆ ದಾರಿ ಬಿಡಬೇಕು, ಆ ದಾರಿ ಯಾರದು ಎಂದು ಪತ್ರದಲ್ಲೇ ಬರೆಯಬೇಕು.

ಹಣ ಕೊಡುವ ಮುನ್ನ

ಮಾರಾಟಗಾರರು ಕೊಟ್ಟ ನಕ್ಷೆಯೇ ಪ್ರಾಧಿಕಾರದ ಕಡತದಲ್ಲೂ ಇದೆ ಎಂದು ಖಚಿತ ಮಾಡಿಕೊಳ್ಳಲು ಮಾಹಿತಿ ಹಕ್ಕು ಅರ್ಜಿ ಒಳ್ಳೆಯ ದಾರಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಮಂಜೂರಾದ ನಕ್ಷೆ, ಕಾಮಗಾರಿ ಆದೇಶ, ರಿಲಿಂಕ್ವಿಶ್‌ಮೆಂಟ್ ಡೀಡ್, ಬಿಡುಗಡೆ ಆದೇಶ ನಾಲ್ಕರ ದೃಢೀಕೃತ ಪ್ರತಿ ಕೇಳಿ, ಕಡತ ಸಂಖ್ಯೆ ತಪ್ಪದೆ ನಮೂದಿಸಿ. ನಾಳೆಯೇ ಅಡ್ವಾನ್ಸ್ ಕೊಡದಿದ್ದರೆ ಸೈಟ್ ಬೇರೆಯವರಿಗೆ ಹೋಗುತ್ತದೆ ಎಂದು ಅವಸರ ಮಾಡಿದರೂ ಈ ಒಂದು ತಿಂಗಳು ತಡೆಯಿರಿ.

ಋಣಭಾರ ಪತ್ರವನ್ನು (ಇಸಿ) ಕನಿಷ್ಠ 30 ವರ್ಷಕ್ಕೆ ತೆಗೆಸಿ. 2004ರ ಏಪ್ರಿಲ್‌ನಿಂದೀಚಿನದು ಆನ್‌ಲೈನ್‌ನಲ್ಲಿ ಸಿಗುತ್ತದೆ, ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಸೈಟ್ ನಂಬರಿನ ಮೇಲೆ ಒಂದು, ಮೂಲ ಸರ್ವೆ ನಂಬರಿನ ಮೇಲೆ ಇನ್ನೊಂದು, ಹೀಗೆ ಎರಡು ತೆಗೆಸುವುದನ್ನು ಮರೆಯಬೇಡಿ. ಡೆವಲಪರ್ ಇಡೀ ಜಮೀನನ್ನು ಅಡವಿಟ್ಟಿದ್ದರೆ ಅದು ಸರ್ವೆ ನಂಬರಿನ ಪತ್ರದಲ್ಲಿ ಮಾತ್ರ ಕಾಣುತ್ತದೆ. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಮಾರುತ್ತಿದ್ದರೆ ಮೂಲ ಮಾಲೀಕರೇ ಬಂದು ಕ್ರಯಪತ್ರಕ್ಕೆ ಸಹಿ ಹಾಕುವಂತೆ ನೋಡಿಕೊಳ್ಳಿ. ಬರೀ ಜಿಪಿಎಯಿಂದ ಸ್ವತ್ತು ವರ್ಗಾವಣೆ ಆಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಕಾಗದಗಳನ್ನೆಲ್ಲ ಒಬ್ಬ ಸಿವಿಲ್ ವಕೀಲರಿಗೆ ತೋರಿಸಿ, ಲಿಖಿತ ಅಭಿಪ್ರಾಯ ಪಡೆಯಿರಿ. ಮಾರಾಟಗಾರರು ಕರೆತಂದ ವಕೀಲರು ಬೇಡ.

ನೋಂದಣಿಯಾದ ಮೇಲೆ ಹೊಸ ಋಣಭಾರ ಪತ್ರ ತೆಗೆಸಿ ನಿಮ್ಮ ಹೆಸರು ಬಂದಿದೆಯೇ ನೋಡಿ, ಖಾತಾ ವರ್ಗಾವಣೆಗೆ ಅರ್ಜಿ ಹಾಕಿ. ಅದೇ ವಾರ ಸರ್ವೆಯರ್ ಕರೆಸಿ ನಾಲ್ಕೂ ಮೂಲೆಗೆ ಕಲ್ಲು ನೆಡಿಸಿ, ಅಕ್ಕಪಕ್ಕದ ಸೈಟಿನವರನ್ನು ಕರೆದು ಅವರ ಎದುರಿಗೇ ಅಳೆಸಿ, ಅಳತೆಯ ನಕ್ಷೆಗೆ ಅವರ ಸಹಿಯನ್ನೂ ಪಡೆಯಿರಿ. ತಂತಿ ಬೇಲಿ ಹಾಕಿ, ಸೈಟ್ ನಂಬರ್ ಮತ್ತು ನಿಮ್ಮ ಹೆಸರು ಬರೆದ ಫಲಕ ನಿಲ್ಲಿಸಿ. ಪ್ರತಿ ವರ್ಷ ತೆರಿಗೆ ಕಟ್ಟುವ ತಿಂಗಳಲ್ಲಿ ಒಮ್ಮೆ ಹೋಗಿ ಕಲ್ಲುಗಳು ಅಲ್ಲೇ ಇವೆಯೇ ನೋಡಿ, ಸರ್ವೆ ನಂಬರಿನ ಮೇಲೂ ಸೈಟ್ ನಂಬರಿನ ಮೇಲೂ ಋಣಭಾರ ಪತ್ರ ಹೊಸದಾಗಿ ತೆಗೆಸಿ ಇಟ್ಟುಕೊಳ್ಳಿ.